ಬಾಗಿಲಿಗೆ ಬರುವ ಸಾಧು ಬೆಕ್ಕು: ಅದರ ಮನೆಯವರನ್ನು ಹುಡುಕುವುದು ಹೇಗೆ?

ಜಗಲಿ
ವಿಷಯ ಇಷ್ಟು. ಬೆಳೆದ ಬೆಕ್ಕು, ಬೂದು ಪಟ್ಟೆ, ಎದೆ ಮತ್ತು ನಾಲ್ಕೂ ಪಾದ ಬಿಳಿ. ಒಂಬತ್ತು ದಿನದಿಂದ ಬಂದು ಹೋಗುತ್ತಿದೆ. ಬಾಲ ನೆಟ್ಟಗೆ ಎತ್ತಿಕೊಂಡು ಬಂದು ಕಾಲಿಗೆ ಮೈ ಉಜ್ಜುತ್ತದೆ, ಎತ್ತಿಕೊಂಡರೆ ಕೊಸರಾಡುವುದಿಲ್ಲ. ಕೊರಳಿಗೆ ಪಟ್ಟಿ ಇಲ್ಲ. ಮೈಕೈ ತುಂಬಿಕೊಂಡಿದೆ, ಗಾಯ ಕಾಣುತ್ತಿಲ್ಲ. ರಾತ್ರಿ ಎಲ್ಲಿ ಮಲಗುತ್ತದೋ ತಿಳಿಯದು. ಇದಕ್ಕೆ ಮನೆ ಇದೆಯೋ, ದಾರಿ ತಪ್ಪಿದೆಯೋ, ಯಾರಾದರೂ ಬಿಟ್ಟು ಹೋಗಿದ್ದಾರೋ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿದವರು ಬಿಡಿಸಿ ಹೇಳಿ.

ನಿಧಾನ
ಜಗಲಿ ಅವರೇ, ಒಂಬತ್ತು ದಿನವಾದರೂ ಮೈ ಇಳಿಯದ ಬೆಕ್ಕು ಎಲ್ಲೋ ಉಣ್ಣುತ್ತಿದೆ. ನಾಲ್ಕು ಮನೆ ಆಚೆ ಅದಕ್ಕೊಂದು ತಟ್ಟೆ ಇರುವ ಸಂಭವವೇ ಹೆಚ್ಚು. ಕಳೆದುಹೋದ ಬೆಕ್ಕು ಬೇರೆ, ತಿರುಗಾಡಲು ಬರುವ ಬೆಕ್ಕು ಬೇರೆ. ಈ ವ್ಯತ್ಯಾಸ ಗೊತ್ತಾಗುವ ಮೊದಲೇ ಕನಿಕರದಿಂದ ಒಳಗೆ ಹಾಕಿಕೊಂಡು ಬಾಗಿಲು ಮುಚ್ಚಿದರೆ, ಆ ಹೊತ್ತಿನಿಂದ ಅದು ನಿಜಕ್ಕೂ ಕಳೆದುಹೋದ ಬೆಕ್ಕಾಗುತ್ತದೆ. ಅತ್ತ ಅದರ ಮನೆಯವರು ಹುಡುಕಾಟ ಶುರು ಮಾಡುತ್ತಾರೆ, ಇತ್ತ ನೀವೂ ಹುಡುಕುತ್ತಿರುತ್ತೀರಿ.

ಆದ್ದರಿಂದ ಮೊದಲ ಮೂರು ದಿನ ನೋಡಿ, ಬರೆದಿಡಿ. ಎಷ್ಟು ಗಂಟೆಗೆ ಬಂತು, ಯಾವ ಗೋಡೆ ಹಾರಿ ಬಂತು, ಹೋಗುವಾಗ ಯಾವ ಕಡೆ ಹೋಯಿತು. ದಿನವೂ ಒಂದೇ ಹೊತ್ತಿಗೆ ಬಂದು ಒಂದೇ ದಿಕ್ಕಿಗೆ ಹೋಗುವ ಬೆಕ್ಕಿಗೆ ಹೆಚ್ಚಾಗಿ ಆ ದಿಕ್ಕಿನಲ್ಲಿ ಮನೆ ಇರುತ್ತದೆ. ಮಳೆ ಬಂದ ದಿನ ಒಣಮೈಯಲ್ಲಿ ಬಂದರೆ ಹತ್ತಿರದಲ್ಲೇ ಸೂರು ಇದೆ. ತುಪ್ಪಳ ಮೂಸಿ ನೋಡಿ: ಸೋಪು, ಸುಗಂಧ, ಒಗ್ಗರಣೆ, ಇಂಥ ಮನೆಯ ವಾಸನೆ ಬೀದಿಯಲ್ಲೇ ಬದುಕುವ ಬೆಕ್ಕಿಗೆ ಇರುವುದಿಲ್ಲ. ಹಿಂದೆಯೇ ನಡೆದು ಮನೆ ಪತ್ತೆಮಾಡುವ ಯೋಚನೆ ಬೇಡ. ಮನುಷ್ಯ ಬೆನ್ನು ಹತ್ತಿದರೆ ಬೆಕ್ಕು ನಿಂತುಬಿಡುತ್ತದೆ, ಇಲ್ಲವೇ ನಿಮ್ಮ ಜೊತೆ ವಾಪಸು ಬರುತ್ತದೆ.

ಕಾಯಬಾರದ ಸಂದರ್ಭಗಳೂ ಇವೆ. ಗಾಯ, ಕುಂಟು, ಬಾಯಿ ತೆರೆದು ಉಸಿರಾಡುವುದು, ಕಣ್ಣು ಮೂಗಿನಿಂದ ಕೀವು ಸುರಿಯುವುದು, ಬೆನ್ನೆಲುಬು ಕೈಗೆ ಸಿಗುವಷ್ಟು ಸೊರಗಿರುವುದು, ಕಣ್ಣು ಬಿಟ್ಟು ಹೆಚ್ಚು ದಿನವಾಗದ ಮರಿ. ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಹಿಡಿದು ಪಶುವೈದ್ಯರಲ್ಲಿಗೆ ಒಯ್ಯಬೇಕು. ಮನೆಯವರ ಹುಡುಕಾಟ ಅಲ್ಲಿಂದ ಮುಂದುವರಿಯಲಿ.

ಹಂಚಿನಮನೆ
ಸಾಧುವಾಗಿದೆ ಎಂದರೆ ಸಾಕಿದ ಬೆಕ್ಕು ಎಂದೇ ಅರ್ಥವಲ್ಲವೇ? ಇನ್ನೂ ಮೂರು ದಿನ ನೋಡುವುದು ಯಾಕೆ?

ಪಂಜದಗುರುತು
ಅರ್ಧ ನಿಜ. ಮರಿಗೆ ಎರಡನೇ ವಾರದಿಂದ ಏಳನೇ ವಾರದವರೆಗೆ ಮನುಷ್ಯರ ಕೈಯ ಅಭ್ಯಾಸ ಆಗಬೇಕು. ಆ ವಯಸ್ಸಿನಲ್ಲಿ ಆಗದಿದ್ದರೆ ದೊಡ್ಡದಾದ ಮೇಲೆ ಅಪರಿಚಿತರು ಎತ್ತಿಕೊಳ್ಳಲು ಬಿಡುವುದು ತೀರ ಅಪರೂಪ. ಹಾಗಾಗಿ ಎತ್ತಿದರೆ ಸುಮ್ಮನಿರುವ ಬೆಕ್ಕು ಮರಿಯಾಗಿದ್ದಾಗ ಯಾರದೋ ಮಡಿಲಲ್ಲಿ ಬೆಳೆದದ್ದು ನಿಜ. ಈಗಲೂ ಅದಕ್ಕೆ ಮನೆ ಇದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಬಿಟ್ಟು ಹೋದ ಬೆಕ್ಕೂ ಇಷ್ಟೇ ಸಾಧು.

ಇದರ ತಿರುಗುಮುರುಗು ಇನ್ನೂ ಮುಖ್ಯ. ಮನೆಯೊಳಗೇ ಬೆಳೆದ ಬೆಕ್ಕು ಆಕಸ್ಮಿಕವಾಗಿ ಹೊರಬಿದ್ದರೆ ಹೆದರಿ ಮೂಲೆ ಸೇರುತ್ತದೆ, ಹತ್ತಿರ ಹೋದರೆ ಬುಸುಗುಟ್ಟುತ್ತದೆ, ಸಾಕಿದವರು ಕರೆದರೂ ಬಾಯಿ ಬಿಡುವುದಿಲ್ಲ. ಮೊದಲ ದಿನ ಹತ್ತಿರ ಸೇರಿಸದೆ ನಾಲ್ಕನೇ ದಿನ ಮಡಿಲಿಗೆ ಬಂದು ಕೂತರೆ ಅದು ‘ಪಳಗಿದ ಬೀದಿ ಬೆಕ್ಕು’ ಅಲ್ಲ, ಹೆದರಿಕೆ ಇಳಿದ ಮನೆ ಬೆಕ್ಕು. ಬೀದಿ ಬೆಕ್ಕು ನಾಲ್ಕು ದಿನಕ್ಕೆ ಮಡಿಲು ಹತ್ತುವುದಿಲ್ಲ.

ಮೈ ಪರೀಕ್ಷೆಯನ್ನು ತಲೆಯಿಂದ ಬಾಲಕ್ಕೆ ಮಾಡುತ್ತ ಹೋಗಿ.

ಕಿವಿ. ಒಂದು ಕಿವಿಯ ತುದಿ ಸುಮಾರು 1 ಸೆಂ.ಮೀ. ನೇರವಾಗಿ ಕತ್ತರಿಸಿದಂತಿದ್ದರೆ, ಅಥವಾ ಅಂಚಿನಲ್ಲಿ ಕಚ್ಚು ಇದ್ದರೆ, ಅದು ಹಿಡಿದು ಸಂತಾನಹರಣ ಮಾಡಿ ಅದೇ ಬೀದಿಗೆ ಬಿಟ್ಟ ಬೆಕ್ಕಿನ ಗುರುತು. ಜಗಳದಲ್ಲಿ ಹರಿದ ಕಿವಿಯ ಅಂಚು ಅಂಕುಡೊಂಕಾಗಿರುತ್ತದೆ, ಇದು ಕತ್ತರಿ ಆಡಿಸಿದಷ್ಟು ನೇರ. ಗುರುತಿದ್ದರೆ ಅದಕ್ಕೆ ಮನೆ ಇಲ್ಲದಿದ್ದರೂ ದಿನವೂ ಊಟ ಹಾಕುವವರು ಇರಬಹುದು, ಮೊದಲು ಅವರನ್ನು ಕೇಳಿ. ಕಿವಿಯ ಒಳಮೈಯಲ್ಲಿ ಹಚ್ಚೆಯ ಅಕ್ಷರ ಅಂಕಿ ಇದೆಯೇ ಎಂದೂ ಟಾರ್ಚ್ ಹಾಕಿ ನೋಡಿ. ಕೆಲವು ದೇಶಗಳಲ್ಲಿ ಅದು ನೋಂದಣಿ ಸಂಖ್ಯೆ.

ಕೊರಳು. ಸುತ್ತಲೂ ಕೂದಲು ಒತ್ತಿಕೊಂಡ ಅಥವಾ ಸವೆದ ಗೆರೆ ಇದ್ದರೆ ಇತ್ತೀಚಿನವರೆಗೂ ಪಟ್ಟಿ ಇತ್ತು. ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಗಳು ಗಿಡಗಂಟಿಯಲ್ಲಿ ಬಿದ್ದುಹೋಗುವುದು ಮಾಮೂಲು, ಪಟ್ಟಿ ಇಲ್ಲ ಎಂಬುದಕ್ಕೆ ಏನೂ ಅರ್ಥ ಕಟ್ಟಬೇಡಿ.

ಉಗುರು. ಮುಂಗಾಲಿನ ಉಗುರಿನ ತುದಿ ಚಪ್ಪಟೆಯಾಗಿ ಕತ್ತರಿಸಿದಂತಿದ್ದರೆ ಕೆಲವೇ ವಾರಗಳ ಹಿಂದೆ ಯಾರೋ ಕತ್ತರಿಸಿದ್ದಾರೆ. ಇಷ್ಟು ಸ್ಪಷ್ಟವಾದ ಸುಳಿವು ಇನ್ನೊಂದಿಲ್ಲ, ಆದರೂ ಯಾರೂ ನೋಡುವುದಿಲ್ಲ.

ಹೊಟ್ಟೆ, ಪಕ್ಕೆ. ಕೂದಲು ಬೋಳಿಸಿದ ಚೌಕ ಇದ್ದರೆ ಶಸ್ತ್ರಚಿಕಿತ್ಸೆ ಆಗಿ ಹೆಚ್ಚು ದಿನವಾಗಿಲ್ಲ. ಹೆಣ್ಣಾದರೆ ಮೊಲೆತೊಟ್ಟು ನೋಡಲೇಬೇಕು. ತೊಟ್ಟು ಉಬ್ಬಿ, ಗುಲಾಬಿ ಬಣ್ಣ ಬಂದು, ಸುತ್ತ ಕೂದಲು ಇಲ್ಲದ ಉಂಗುರ ಇದ್ದರೆ ಎಲ್ಲೋ ಮರಿಗಳಿವೆ. ಅದನ್ನು ಒಳಗೆ ಕೂಡಿಹಾಕಬೇಡಿ. ಎಳೆಯ ಮರಿಗಳು ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಯಬೇಕು, ತಾಯಿ ಒಂದು ರಾತ್ರಿ ಹೋಗದಿದ್ದರೆ ಮರಿಗಳು ಉಳಿಯುವುದು ಕಷ್ಟ.

ಇನ್ನೊಂದು ಎಚ್ಚರಿಕೆ. ಬೆದೆಗೆ ಬಂದ ಹೆಣ್ಣು ಬೆಕ್ಕು ಕಂಡಕಂಡವರ ಕಾಲಿಗೆ ಬಿದ್ದು ಹೊರಳಾಡುತ್ತದೆ, ದೊಡ್ಡ ದನಿಯಲ್ಲಿ ಕೂಗುತ್ತದೆ. ಅದನ್ನು ‘ಮನೆ ಇಲ್ಲದೆ ಗೋಳಾಡುತ್ತಿದೆ’ ಎಂದು ತಿಳಿಯುವವರಿದ್ದಾರೆ. ಬೆನ್ನಿನ ಕೊನೆಗೆ ಕೈ ಇಟ್ಟರೆ ಹಿಂಭಾಗ ಎತ್ತಿ ಬಾಲ ಪಕ್ಕಕ್ಕೆ ಸರಿಸಿದರೆ ಬೆದೆಯೇ. ಸುಮಾರು ಒಂದು ವಾರದಲ್ಲಿ ಇಳಿಯುತ್ತದೆ.

ಜಗಲಿ
ಉಪಕಾರವಾಯಿತು. ಕಿವಿ ಸರಿಯಾಗಿದೆ, ಮುಂಗಾಲಿನ ಉಗುರು ಎರಡೂ ಕಡೆ ಚಪ್ಪಟೆಯಾಗಿದೆ. ಗಂಡು, ಬೀಜ ತೆಗೆದಂತಿದೆ. ಹಾಗಾದರೆ ಮುಂದೆ ಚಿಪ್ ನೋಡಿಸುವುದೇ?

ಚಿಪ್‌ಓದುಗ
ಹೌದು, ಚಿಪ್ ಮೊದಲು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ‘ಚಿಪ್ ಇಲ್ಲ’ ಎಂದು ಬರುವ ಉತ್ತರಗಳಲ್ಲಿ ಕೆಲವು ಸರಿಯಾಗಿ ಓದದ್ದರಿಂದ ಬಂದವು.

ಚಿಪ್ ಎಂದರೆ ಬೆಕ್ಕಿನ ಚರ್ಮದಡಿ ಹಾಕುವ ಅಕ್ಕಿಕಾಳಿನಷ್ಟು ಗಾಜಿನ ಕೊಳವೆ, ಉದ್ದ ಸುಮಾರು 12 ಮಿ.ಮೀ., ದಪ್ಪ 2 ಮಿ.ಮೀ. ಒಳಗೆ ಬ್ಯಾಟರಿ ಇಲ್ಲ, ಬೆಕ್ಕು ಎಲ್ಲಿದೆ ಎಂದು ಅದು ತೋರಿಸುವುದಿಲ್ಲ. ಸ್ಕ್ಯಾನರಿನ ರೇಡಿಯೋ ಅಲೆ ತಾಗಿದಾಗ ಮಾತ್ರ ಒಂದು ಸಂಖ್ಯೆ ಹೇಳುತ್ತದೆ. ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) 11784 ಮತ್ತು 11785 ಮಾನದಂಡದ ಚಿಪ್ 134.2 ಕಿಲೋಹರ್ಟ್ಸ್‌ನಲ್ಲಿ 15 ಅಂಕಿ ಕೊಡುತ್ತದೆ. ಹಳೆಯ ಚಿಪ್‌ಗಳಲ್ಲಿ 125 ಕಿಲೋಹರ್ಟ್ಸ್‌ನವು ಇವೆ, ಅವುಗಳದ್ದು 9 ಅಥವಾ 10 ಅಕ್ಷರ ಅಂಕಿಯ ಸಂಖ್ಯೆ. 134.2 ಮಾತ್ರ ಓದುವ ಅಗ್ಗದ ಸ್ಕ್ಯಾನರಿಗೆ ಹಳೆಯದು ಕಾಣುವುದೇ ಇಲ್ಲ. ಆದ್ದರಿಂದ ಪಶುಚಿಕಿತ್ಸಾಲಯದಲ್ಲಿ ‘ನಿಮ್ಮ ಸ್ಕ್ಯಾನರ್ ಎರಡೂ ಬಗೆ ಓದುತ್ತದೆಯೇ?’ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಓದುವ ಕ್ರಮ: ಲೋಹದ ಮೇಜಿನಿಂದ ಮತ್ತು ಕಂಪ್ಯೂಟರ್ ಪರದೆಯಿಂದ ದೂರ ಬನ್ನಿ, ಕೊರಳಲ್ಲಿ ಲೋಹದ ಗುಂಡಿ ಇದ್ದರೆ ತೆಗೆಯಿರಿ. ಸ್ಕ್ಯಾನರಿನ ಗುಂಡಿ ಒತ್ತಿ ಹಿಡಿದೇ ಇರಬೇಕು. ತುಪ್ಪಳಕ್ಕೆ ತಾಗುವಷ್ಟು ಹತ್ತಿರ ಇಟ್ಟು ಎರಡು ಹೆಗಲ ಮೂಳೆಗಳ ನಡುವಿನಿಂದ ಶುರು ಮಾಡಿ, ಎಡಕ್ಕೂ ಬಲಕ್ಕೂ ಹಾವಿನ ನಡೆಯಂತೆ ಬಾಲದವರೆಗೆ. ವೇಗ ಸೆಕೆಂಡಿಗೆ 15 ಸೆಂ.ಮೀ. ಮೀರಬಾರದು. ಆಮೇಲೆ ಸ್ಕ್ಯಾನರನ್ನು 90 ಡಿಗ್ರಿ ತಿರುಗಿಸಿ ಅದನ್ನೇ ಮತ್ತೆ ಮಾಡಿ. ಚಿಪ್ ಅಡ್ಡ ಮಲಗಿದ್ದರೆ ಒಂದು ಕೋನದಲ್ಲಿ ಓದುವುದಿಲ್ಲ, ಇನ್ನೊಂದರಲ್ಲಿ ಓದುತ್ತದೆ. ಬಳಿಕ ಕೊರಳಿನ ಎಡಭಾಗ (ಯುರೋಪಿನ ಹಲವು ದೇಶಗಳಲ್ಲಿ ಅಲ್ಲೇ ಹಾಕುವುದು), ಎರಡೂ ಹೆಗಲು, ಎದೆ, ಮುಂಗಾಲು ಮೊಣಕೈವರೆಗೆ. ವರ್ಷಗಳು ಕಳೆದಂತೆ ಚಿಪ್ ಚರ್ಮದಡಿ ಜಾರಿ ಕೆಳಗಿಳಿಯುವುದುಂಟು. ಒಂದು ಸಲ ಕೀಂ ಎಂದರೂ ನಿಲ್ಲಿಸಬೇಡಿ, ಕೆಲವು ಬೆಕ್ಕುಗಳಲ್ಲಿ ಎರಡು ಚಿಪ್ ಇರುತ್ತವೆ.

ಸಂಖ್ಯೆ ಬಂದರೆ ಪರದೆಯ ಫೋಟೋ ತೆಗೆಯಿರಿ. ಕೈಯಲ್ಲಿ ಬರೆದುಕೊಂಡಾಗ ಒಂದು ಅಂಕಿ ಬಿಟ್ಟುಹೋಗುವುದು, ಹಳೆಯ ಚಿಪ್‌ಗಳಲ್ಲಿ ಸೊನ್ನೆಯನ್ನು ‘ಓ’ ಎಂದು ಓದುವುದು ಆಗುತ್ತಲೇ ಇರುತ್ತದೆ.

ಸಂಜೆಗಾಳಿ
ಸಂಖ್ಯೆ ಬಂದ ಕೂಡಲೇ ಮನೆಯವರ ಹೆಸರು, ಫೋನು ಬರುತ್ತದೆಯೇ?

ಚಿಪ್‌ಓದುಗ
ಬರುವುದಿಲ್ಲ. ಚಿಪ್‌ನಲ್ಲಿ ಸಂಖ್ಯೆ ಬಿಟ್ಟರೆ ಏನೂ ಇಲ್ಲ. ಆ ಸಂಖ್ಯೆ ಯಾವ ನೋಂದಣಿ ಪಟ್ಟಿಯಲ್ಲಿದೆ ಎಂದು ಹುಡುಕಬೇಕು, ಪಟ್ಟಿಗಳು ಹಲವು. ಮೊದಲ ಮೂರು ಅಂಕಿ ದಾರಿ ತೋರಿಸುತ್ತವೆ: 900ರಿಂದ 998ರವರೆಗೆ ಇದ್ದರೆ ತಯಾರಕರ ಸಂಕೇತ, 900ಕ್ಕಿಂತ ಕಡಿಮೆ ಇದ್ದರೆ ದೇಶದ ಸಂಕೇತ, 999 ಆದರೆ ಪರೀಕ್ಷೆಗೆ ಮಾಡಿದ ಚಿಪ್. ನಿಮ್ಮ ದೇಶದ ಪಟ್ಟಿಗಳಲ್ಲಿ ಸಿಗದಿದ್ದರೆ ತಯಾರಕರಿಗೆ ಬರೆಯಿರಿ. ಆ ಚಿಪ್ ಯಾವ ವಿತರಕರಿಗೆ ಅಥವಾ ಯಾವ ಚಿಕಿತ್ಸಾಲಯಕ್ಕೆ ಹೋಯಿತು ಎಂಬ ದಾಖಲೆ ಅವರಲ್ಲಿರುತ್ತದೆ, ಚಿಕಿತ್ಸಾಲಯದ ಪುಸ್ತಕದಲ್ಲಿ ಬೆಕ್ಕಿನ ಮನೆಯವರ ಹೆಸರಿರಬಹುದು.

ನೋಂದಣಿ ಇದ್ದೂ ಫೋನು ಸತ್ತಿರುವುದು ಇನ್ನೊಂದು ತೊಡಕು. ಸಿಮ್ ಬದಲಿಸಿದವರು ಚಿಪ್ ಪಟ್ಟಿಯಲ್ಲಿ ಬದಲಿಸಲು ಮರೆತಿರುತ್ತಾರೆ. ಪಟ್ಟಿಯವರು ವಿಳಾಸವನ್ನು ನಿಮಗೆ ಕೊಡಲಾರರು, ಆದರೆ ನಿಮ್ಮ ಪರವಾಗಿ ಕಾಗದ ಅಥವಾ ಇಮೇಲ್ ಕಳಿಸಿ ಎಂದು ಕೇಳಬಹುದು. ಎರಡನೇ ಸಂಪರ್ಕ ಸಂಖ್ಯೆ ಇದೆಯೇ ಎಂದೂ ಕೇಳಿ, ಬಹಳ ಸಲ ಕೆಲಸಕ್ಕೆ ಬರುವುದು ಅದೇ.

ಹಂಚಿನಮನೆ
ಚಿಪ್ ಹಾಕಿಸುವ ವಾಡಿಕೆಯೇ ಇಲ್ಲದ ಕಡೆ ಇಷ್ಟೆಲ್ಲ ಓಡಾಡಿ ಏನು ಲಾಭ? ನೇರ ಬೆಕ್ಕಿನ ಕೊರಳಿಗೆ ಒಕ್ಕಣೆ ಬರೆದ ಕಾಗದದ ಪಟ್ಟಿ ಕಟ್ಟುವುದೇ ಲೇಸು.

ಸಂಜೆಗಾಳಿ
ತಿರುಗಾಡುವ ಬೆಕ್ಕಿಗೆ ಕಾಗದದ ಪಟ್ಟಿ ನಿಜಕ್ಕೂ ಒಳ್ಳೆಯ ಉಪಾಯ. ಖರ್ಚಿಲ್ಲ, ಬೆಕ್ಕೇ ಟಪಾಲು ಒಯ್ಯುತ್ತದೆ. ಆದರೆ ಮಾಡುವುದರಲ್ಲಿ ತಪ್ಪಿದರೆ ಅಪಾಯ, ಹಾಗಾಗಿ ಅಳತೆ ಸಮೇತ ಬರೆಯುತ್ತೇನೆ.

ಮಾಮೂಲಿ ಬರೆಯುವ ಹಾಳೆ, ದಪ್ಪ ಕಾರ್ಡ್ ಅಲ್ಲ. ಅಗಲ 2ರಿಂದ 2.5 ಸೆಂ.ಮೀ., ಉದ್ದ 30 ಸೆಂ.ಮೀ. ಪೆನ್ಸಿಲ್ ಅಥವಾ ಬಾಲ್‌ಪೆನ್‌ನಲ್ಲಿ ಬರೆಯಿರಿ. ಸ್ಕೆಚ್ ಪೆನ್, ಇಂಕ್‌ಜೆಟ್ ಮುದ್ರಣ ಒಂದು ಹನಿ ನೀರಿಗೆ ಅಳಿಸುತ್ತವೆ. ಒಕ್ಕಣೆ ಚಿಕ್ಕದಿರಲಿ: ‘ಈ ಬೆಕ್ಕು ನಿಮ್ಮದೇ? ದಯವಿಟ್ಟು ಕರೆ ಮಾಡಿ’, ಫೋನ್ ಸಂಖ್ಯೆ, ತಾರೀಕು. ಇಷ್ಟೇ. ಫೋನ್ ಸಂಖ್ಯೆಯನ್ನು ಎರಡು ಕಡೆ ಬರೆಯಿರಿ, ಒಂದು ಕಡೆ ಕೂದಲಲ್ಲಿ ಮುಚ್ಚಿಹೋದರೂ ಇನ್ನೊಂದು ಕಾಣುತ್ತದೆ.

ಕೊರಳ ಸುತ್ತ ತಂದು ತುದಿಗಳನ್ನು ಒಂದರ ಮೇಲೊಂದು ಇಟ್ಟು ಸಣ್ಣ ಚೂರು ಟೇಪು ಹಚ್ಚಿ. ಟೇಪಿನ ಅಂಟು ಕಾಗದದ ಆಚೆ ಬಂದರೆ ಕೂದಲಿಗೆ ಹತ್ತುತ್ತದೆ. ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಅದಕ್ಕಿಂತ ಸಡಿಲವಾದರೆ ಮುಂಗಾಲು ಅಥವಾ ಕೆಳದವಡೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಸ್ಟೇಪಲ್ ಪಿನ್ ಹೊಡೆಯಬಾರದು, ಚುಚ್ಚುತ್ತದೆ. ದಾರ, ರಬ್ಬರ್ ಬ್ಯಾಂಡ್, ರಿಬ್ಬನ್, ಪ್ಲಾಸ್ಟಿಕ್ ಹೊದಿಕೆ ಖಂಡಿತ ಬೇಡ. ಕಟ್ಟುವ ಮೊದಲು ಅದೇ ಪಟ್ಟಿಯನ್ನು ಕೈಗೆ ಸುತ್ತಿ ಎಳೆದು ನೋಡಿ: ಸಣ್ಣ ಎಳೆತಕ್ಕೆ ಹರಿಯಬೇಕು. ಹರಿಯುವುದೇ ಅದರ ಸುರಕ್ಷತೆ.

ಪಂಜದಗುರುತು
ಸೇರಿಸುತ್ತೇನೆ. ಮರಿಗೆ, ಕೈ ತಾಗಿಸಲು ಬಿಡದ ಬೆಕ್ಕಿಗೆ, ಕೊರಳಲ್ಲಿ ಗಾಯವಿರುವ ಬೆಕ್ಕಿಗೆ ಇದು ಬೇಡ. ಕಟ್ಟಿದ ಮೇಲೆ ಹತ್ತು ನಿಮಿಷ ಕಣ್ಣೆದುರೇ ಇರಲಿ. ಒಂದೆರಡು ಸಲ ಕೆರೆದುಕೊಂಡು ಸುಮ್ಮನಾದರೆ ಸರಿ, ಹಿಂದೆ ಹಿಂದೆ ಸರಿಯುತ್ತ ಒದ್ದಾಡಿದರೆ ತೆಗೆದುಬಿಡಿ.

ಸಂಜೆಗಾಳಿ
ಸರಿಯಾದ ಮಾತು. ಫಲಿತಾಂಶ ಓದುವುದಕ್ಕೂ ಕ್ರಮ ಇದೆ. ಕರೆ ಬಂದರೆ ಮುಗಿಯಿತು. ಪಟ್ಟಿ ಇಲ್ಲದೆ ಬಂದರೆ ಯಾರೋ ತೆಗೆದಿರಬಹುದು, ಹರಿದೂ ಹೋಗಿರಬಹುದು, ಇನ್ನೊಂದು ಕಟ್ಟಿ. ಮೂರು ಸಲ ಹೀಗೇ ಆದರೆ ಮನೆ ಇರಬಹುದು, ಅವರಿಗೆ ಕರೆ ಮಾಡುವ ಮನಸ್ಸಿಲ್ಲದಿರಬಹುದು. ಪಟ್ಟಿ ಹಾಗೇ ಮಾಸಿಕೊಂಡು ಏಳು ದಿನ ಉಳಿದರೆ ಆ ಬೆಕ್ಕಿನ ಕೊರಳನ್ನು ಹತ್ತಿರದಿಂದ ನೋಡುವವರು ಯಾರೂ ಇಲ್ಲ ಎಂದು ತಿಳಿಯಬಹುದು. ಇನ್ನೊಂದು ಮನೆಯವರು ಅದೇ ಪಟ್ಟಿಯ ಮೇಲೆ ‘ಇಲ್ಲಿಗೂ ಬರುತ್ತದೆ’ ಎಂದು ಬರೆದು ಕಳಿಸುವುದೂ ಉಂಟು. ಆಗ ಹುಡುಕುವವರು ಇಬ್ಬರಾದರು.

ಹಂಚಿನಮನೆ ಅವರೇ, ಚಿಪ್ ಬೇಡ ಎನ್ನುವ ನಿಮ್ಮ ಮಾತಿಗೆ ಮಾತ್ರ ಒಪ್ಪಿಗೆ ಇಲ್ಲ. ವಾಡಿಕೆ ಇಲ್ಲದ ಊರಿಗೂ ಚಿಪ್ ಇರುವ ಬೆಕ್ಕನ್ನು ಕಟ್ಟಿಕೊಂಡು ಬೇರೆ ಕಡೆಯಿಂದ ಜನ ಬಂದು ನೆಲೆಸುತ್ತಾರೆ. ಹೊಸ ಜಾಗದಲ್ಲಿ ದಾರಿ ತಪ್ಪುವುದು ಅಂಥ ಬೆಕ್ಕೇ.

ಜಗಲಿ
ಊಟದ ವಿಷಯ ಯಾರೂ ಹೇಳಲಿಲ್ಲ. ಹಾಕಬಹುದೇ, ಬೇಡವೇ?

ನಿಧಾನ
ಮೈ ತುಂಬಿಕೊಂಡ ಬೆಕ್ಕಿಗೆ ಮನೆಯವರು ಇಲ್ಲ ಎಂದು ಖಚಿತವಾಗುವ ತನಕ ಹಾಕಬೇಡಿ. ನೀರು ಮಾತ್ರ ಇಡಿ. ಕಾರಣ ಎರಡು. ಊಟ ಸಿಕ್ಕ ಕಡೆ ಬೆಕ್ಕು ಹೆಚ್ಚು ಹೊತ್ತು ಉಳಿಯುತ್ತದೆ, ಮನೆಗೆ ಹೋಗುವುದು ಕಡಿಮೆಯಾಗುತ್ತದೆ, ಕೊನೆಗೆ ಹೋಗುವುದೇ ನಿಲ್ಲುತ್ತದೆ. ಎರಡನೆಯದು, ಮಧುಮೇಹ, ಮೂತ್ರಪಿಂಡದ ತೊಂದರೆ, ಮೂತ್ರದ ಹರಳು ಇರುವ ಬೆಕ್ಕಿಗೆ ಅಳೆದ ಪಥ್ಯ ನಡೆಯುತ್ತಿರಬಹುದು. ಹೊರಗಿನ ಒಂದು ತಟ್ಟೆ ಅದನ್ನು ಕೆಡಿಸುತ್ತದೆ.

ಹಂಚಿನಮನೆ
ಹಸಿದು ಬಂದ ಜೀವಕ್ಕೆ ತುತ್ತು ಹಾಕಬೇಡಿ ಎನ್ನುವುದು ಮನಸ್ಸಿಗೆ ಬರುವುದಿಲ್ಲ.

ನಿಧಾನ
ಹಸಿದದ್ದಕ್ಕೆ ಹಾಕಿ, ಅದರಲ್ಲಿ ಎರಡು ಮಾತಿಲ್ಲ. ಕೂಗುವುದೆಲ್ಲ ಹಸಿವಲ್ಲ ಎಂದಷ್ಟೇ ಹೇಳಿದ್ದು. ಪಕ್ಕೆಲುಬಿನ ಮೇಲೆ ಅಂಗೈ ಸವರಿ: ತೆಳು ಪದರದಡಿ ಎಲುಬು ತಿಳಿದರೆ ಆರೋಗ್ಯದ ಮೈ, ನೋಡುವಾಗಲೇ ಎಲುಬು ಎಣಿಸಬಹುದಾದರೆ ಹಸಿವು. ತುಂಬ ಸೊರಗಿದ ಬೆಕ್ಕಿಗೆ ಒಮ್ಮೆಲೇ ಹೊಟ್ಟೆ ತುಂಬ ಇಡಬೇಡಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಹಾಲು ಬೇಡ, ಬೆಳೆದ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗಿ ಇನ್ನಷ್ಟು ನೀರು ಕಳೆದುಕೊಳ್ಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಅಡುಗೆಯೂ ಬೇಡ, ರಕ್ತಕಣ ನಾಶವಾಗುತ್ತವೆ. ಮೈ ಬಿಸಿ ಇದೆ ಎಂದು ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯುತ್ತದೆ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಚಿಗಟದ ಔಷಧವೂ ಅಷ್ಟೇ ವಿಷ.

ಮೂರುದಾರಿ
ಹುಡುಕಾಟದ ವ್ಯಾಪ್ತಿ ಎಷ್ಟಿರಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳ ಪೈಕಿ ಶೇ. 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಕಳೆದ ಬೆಕ್ಕುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಏಳು ದಿನದೊಳಗೆ ಸಿಕ್ಕರೆ, ಒಂದು ವರ್ಷದೊಳಗೆ ಸಿಕ್ಕವು ಶೇ. 61. ನಮ್ಮ ಕಡೆಯಿಂದ ನೋಡಿದರೆ ಅರ್ಥ ಇದು: ಬೆಕ್ಕಿನ ಮನೆ ಹೆಚ್ಚಾಗಿ ನಡೆದು ಹೋಗುವಷ್ಟು ದೂರದಲ್ಲಿದೆ. ಇಡೀ ಊರಿಗೆ ಕಾಣುವ ಹಾಗೆ ಅಂತರ್ಜಾಲದಲ್ಲಿ ಹಾಕುವ ಮುಂಚೆ ಸುತ್ತಲಿನ 500 ಮೀಟರ್ ಒಳಗಿನ ಪ್ರತಿ ಬಾಗಿಲು ತಟ್ಟಿ.

ತಟ್ಟುವುದು ಸಂಜೆ ಆರರಿಂದ ಎಂಟರೊಳಗೆ, ಜನ ಮನೆಯಲ್ಲಿರುವ ಹೊತ್ತು. ‘ನಿಮ್ಮ ಬೆಕ್ಕು ಕಳೆದಿದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂದು ಬಾಗಿಲು ಹಾಕುತ್ತಾರೆ, ಯಾಕೆಂದರೆ ತಿರುಗಾಡುವ ಬೆಕ್ಕು ಅವರ ಲೆಕ್ಕದಲ್ಲಿ ಕಳೆದೇ ಇಲ್ಲ. ಫೋಟೋ ತೋರಿಸಿ ‘ಇದನ್ನು ಎಲ್ಲಾದರೂ ನೋಡಿದ್ದೀರಾ?’ ಎಂದು ಕೇಳಿ. ದಿನಪತ್ರಿಕೆ ಹಾಕುವವರು, ಅಂಚೆಯವರು, ಕಾವಲುಗಾರರು, ಬೀದಿಯಲ್ಲಿ ಆಡುವ ಮಕ್ಕಳು, ಇವರಿಗೆ ಯಾವ ಮನೆಯ ಕಿಟಕಿಯಲ್ಲಿ ಯಾವ ಬೆಕ್ಕು ಕೂರುತ್ತದೆ ಎಂದು ಗೊತ್ತಿರುತ್ತದೆ. ಮಕ್ಕಳನ್ನು ಬಿಡಬೇಡಿ, ಬೆಕ್ಕಿನ ಹೆಸರೂ ಅವರಿಗೇ ಗೊತ್ತು.

ಮುಖ್ಯವಾಗಿ ವಿಚಾರಿಸಬೇಕಾದದ್ದು ಮೂರು: ಇತ್ತೀಚೆಗೆ ಯಾವ ಮನೆ ಖಾಲಿಯಾಯಿತು, ಯಾವ ಮನೆಗೆ ಹೊಸಬರು ಬಂದರು, ಯಾವ ಮನೆಯಲ್ಲಿ ಒಂಟಿಯಾಗಿದ್ದ ಹಿರಿಯರು ತೀರಿಕೊಂಡರು ಅಥವಾ ಆಸ್ಪತ್ರೆ ಸೇರಿದರು. ಮನೆ ಬದಲಿಸಿದ ಬೆಕ್ಕು ಹಳೆಯ ಮನೆಯ ಕಡೆಗೇ ನಡೆಯುತ್ತದೆ. ಹಳೆಯ ಮನೆಯಲ್ಲಿ ಈಗಿರುವವರನ್ನು ಕೇಳಿದರೆ ಬೆಕ್ಕಿನವರ ಹೊಸ ವಿಳಾಸ ಸಿಗಬಹುದು.

ಚಿಪ್‌ಓದುಗ
500 ಮೀಟರ್ ನಿಯಮಕ್ಕೆ ಒಂದು ಹೊರತು ಇದೆ. ಚಳಿಗೆ ವಾಹನದ ಎಂಜಿನ್ ಜಾಗದಲ್ಲಿ, ಸಾಮಾನು ಸಾಗಿಸುವ ಲಾರಿಯಲ್ಲಿ ಹೊಕ್ಕ ಬೆಕ್ಕು ಎಷ್ಟೋ ದೂರ ಇಳಿಯಬಹುದು. ಮೀಸೆ ಸುಟ್ಟು ಮುರುಟಿದ್ದರೆ, ಪಾದ ಅಥವಾ ಹೊಟ್ಟೆಗೆ ಎಣ್ಣೆ ಜಿಡ್ಡು ಹತ್ತಿದ್ದರೆ, ಹತ್ತಿರದಲ್ಲಿ ಗೋದಾಮು ಇದ್ದರೆ ಅಂಥ ಸಾಧ್ಯತೆ ಯೋಚಿಸಿ. ಆಗ ಮಾತ್ರ ಅಂತರ್ಜಾಲವೇ ಮೊದಲು.

ಮೂರುದಾರಿ
ಒಪ್ಪಿದೆ. ಇನ್ನು ಭಿತ್ತಿಚಿತ್ರ. ‘ಬೆಕ್ಕು ಸಿಕ್ಕಿದೆ’ ಎಂಬ ಎರಡು ಪದ ಐದು ಮೀಟರ್ ದೂರದಿಂದ ಓದುವಂತಿರಬೇಕು, ಅಂದರೆ ಅಕ್ಷರದ ಎತ್ತರ ಕನಿಷ್ಠ 5 ಸೆಂ.ಮೀ. ಒಂದೇ ಫೋಟೋ, ಫೋನ್ ಸಂಖ್ಯೆ, ಸಿಕ್ಕ ತಾರೀಕು, ಹತ್ತಿರದ ಅಡ್ಡರಸ್ತೆ. ನಿಮ್ಮ ಮನೆ ವಿಳಾಸ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಹಾಕುವಾಗ ತೆರೆದ ಬಾಯಿ ಕೆಳಗಿರಲಿ, ಮೇಲಿದ್ದರೆ ಮಳೆ ನೀರು ತುಂಬಿ ಒಂದೇ ರಾತ್ರಿಗೆ ಹಾಳು. ಅಂಟಿಸುವ ಮೊದಲು ಆ ಜಾಗದವರ ಅನುಮತಿ ಕೇಳಿ, ಕಿತ್ತುಹಾಕುವುದಿಲ್ಲ. ಪಶುಚಿಕಿತ್ಸಾಲಯ, ಪ್ರಾಣಿಗಳ ಆಶ್ರಯತಾಣ, ಸಾಕುಪ್ರಾಣಿ ಆಹಾರದ ಅಂಗಡಿ, ಈ ಮೂರು ಕಡೆ ‘ಸಿಕ್ಕಿದೆ’ ಎಂದು ತಿಳಿಸುವುದರ ಜೊತೆಗೆ ಅಲ್ಲಿರುವ ‘ಕಳೆದಿದೆ’ ಪಟ್ಟಿಯನ್ನೂ ಓದಿ. ಎರಡು ಮೂರು ತಿಂಗಳ ಹಳೆಯ ಪ್ರಕಟಣೆಗಳನ್ನೂ ನೋಡಬೇಕು. ಮನೆಯವರು ಆಸೆ ಬಿಟ್ಟು ಸುಮ್ಮನಾದ ಮೇಲೆ ಸಿಗುವ ಬೆಕ್ಕುಗಳೂ ಇವೆ.

ಫೋಟೋ ತೆಗೆಯುವಾಗ ಹಗಲು ಬೆಳಕು, ನೆಲದ ಮಟ್ಟಕ್ಕೆ ಕೂತು, ಎಡಗಡೆ ಬಲಗಡೆ ಬೇರೆ ಬೇರೆ. ಬೆಕ್ಕಿನ ಎರಡು ಮಗ್ಗುಲಿನ ಪಟ್ಟೆ ಒಂದೇ ತರಹ ಇರುವುದಿಲ್ಲ. ರಾತ್ರಿ ಫ್ಲ್ಯಾಶ್ ಹಾಕಿದರೆ ಬೂದು ಕಂದಾಗಿ ಕಾಣುತ್ತದೆ, ಕಣ್ಣಿನ ಬಣ್ಣ ತಿಳಿಯುವುದೇ ಇಲ್ಲ.

ಕಾವಲುಕಣ್ಣು
ಎಲ್ಲ ಫೋಟೋ ಹಾಕಬೇಡಿ! ಒಂದು ಮಗ್ಗುಲು ಮಾತ್ರ ತೋರಿಸಿ, ಇನ್ನೊಂದು ಮಗ್ಗುಲು, ಹೊಟ್ಟೆಯ ಗುರುತು, ಪಾದದಡಿಯ ಬಣ್ಣ, ಗಂಡೋ ಹೆಣ್ಣೋ, ಚಿಪ್ ಸಂಖ್ಯೆ, ಇವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ‘ಅದು ನಮ್ಮದು’ ಎಂದು ಕರೆ ಬಂದಾಗ ಇವೇ ಪರೀಕ್ಷೆಯ ಪ್ರಶ್ನೆಗಳು. ನೀವಾಗಿ ‘ಹೊಟ್ಟೆಯ ಮೇಲೆ ಚುಕ್ಕೆ ಇದೆಯಲ್ಲ?’ ಎಂದು ಕೇಳಿದರೆ ಯಾರಾದರೂ ಹೌದೆನ್ನುತ್ತಾರೆ. ‘ಮೈಮೇಲೆ ಬೇರೆ ಏನು ಗುರುತಿದೆ, ಹೇಳಿ’ ಎಂದು ಬಿಟ್ಟುಬಿಡಿ.

ಮುಖ್ಯ ದಾಖಲೆ ಹಳೆಯ ಫೋಟೋಗಳು. ಸಾಕಿದವರ ಫೋನಿನಲ್ಲಿ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಕೋಣೆಯ ಹತ್ತಾರು ಚಿತ್ರ ಇರುತ್ತವೆ. ಒಂದೇ ಚಿತ್ರ ತೋರಿಸಿ ಅವಸರ ಮಾಡುವವರಿಗೆ ಕೊಡಬೇಡಿ. ಲಸಿಕೆ ಪುಸ್ತಕ ಇದ್ದರೆ ಇನ್ನೂ ಒಳ್ಳೆಯದು.

ಲಿಂಗದ ಬಗ್ಗೆ ಒಂದು ಮಾತು. ಕಪ್ಪು, ಕೆಂಚು, ಬಿಳಿ ಮೂರೂ ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು. ಕೆಂಚು ಬೆಕ್ಕುಗಳಲ್ಲಿ ಐದರಲ್ಲಿ ನಾಲ್ಕು ಗಂಡು. ಕರೆ ಮಾಡಿದವರು ಗಂಡು ಹೆಣ್ಣು ತಪ್ಪಾಗಿ ಹೇಳಿದ ಮಾತ್ರಕ್ಕೆ ಸುಳ್ಳುಗಾರರು ಎಂದು ತೀರ್ಮಾನಿಸಬೇಡಿ, ಎಷ್ಟೋ ಮನೆಗಳಲ್ಲಿ ತಪ್ಪಾಗಿಯೇ ತಿಳಿದಿರುತ್ತಾರೆ. ಬಾಕಿ ಗುರುತುಗಳ ಜೊತೆ ಸೇರಿಸಿ ನೋಡಿ.

ಮೋಸದ ಕರೆಗಳೂ ಬರುತ್ತವೆ. ‘ನೀವು ನಿಜವಾದವರೇ ಎಂದು ನೋಡಬೇಕು, ನಿಮ್ಮ ಫೋನಿಗೆ 6 ಅಂಕಿಯ ಕೋಡ್ ಬಂದಿದೆ, ಹೇಳಿ’ ಎಂದರೆ ಕರೆ ಮುಗಿಸಿ. ಅವರಿಗೆ ಬೆಕ್ಕು ಬೇಡ, ನಿಮ್ಮ ಫೋನ್ ಸಂಖ್ಯೆಯಲ್ಲಿ ಖಾತೆ ತೆರೆಯಬೇಕು.

ಜಗಲಿ
ಕೊನೆಯ ಪ್ರಶ್ನೆ. ಒಳಗೆ ಇಟ್ಟುಕೊಳ್ಳಲೇಬೇಕಾಗಿ ಬಂದರೆ? ಮನೆಯಲ್ಲಿ ಬೇರೆ ಬೆಕ್ಕೂ ಇದೆ.

ಪಂಜದಗುರುತು
ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಮರಳಿನ ತಟ್ಟೆ, ಕನಿಷ್ಠ 14 ದಿನ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಸೋಪಿನಲ್ಲಿ ಕೈ ತೊಳೆಯಿರಿ, ಆ ಕೋಣೆಗೆ ಬೇರೆ ಅಂಗಿ ಇಟ್ಟುಕೊಳ್ಳಿ. ಬೆಕ್ಕಿನ ಪಾರ್ವೋ ವೈರಸ್ ಬಟ್ಟೆ, ಚಪ್ಪಲಿಯಲ್ಲೂ ಸಾಗುತ್ತದೆ, ತಿಂಗಳುಗಟ್ಟಲೆ ಬದುಕುತ್ತದೆ, ಮಾಮೂಲಿ ನೆಲದ ಸೋಪಿಗೆ ಸಾಯುವುದಿಲ್ಲ. ಹುಳುಕಡ್ಡಿ ಇದ್ದರೆ ಮನುಷ್ಯರಿಗೂ ಹತ್ತುತ್ತದೆ: ಕಿವಿಯ ಅಂಚು, ಮೂತಿ, ಮುಂಗಾಲಿನಲ್ಲಿ ದುಂಡಗೆ ಕೂದಲು ಉದುರಿದ ಜಾಗ ಹುಡುಕಿ. ರಕ್ತಕ್ಯಾನ್ಸರ್ ವೈರಸ್ ಮತ್ತು ಬೆಕ್ಕಿನ ರೋಗನಿರೋಧಕ ಕುಂದಿಸುವ ವೈರಸ್, ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿ ಆಮೇಲೆ ನಿಮ್ಮ ಬೆಕ್ಕಿನ ಹತ್ತಿರ ಬಿಡಿ.

ಕೋಣೆಯಲ್ಲಿ ಅಡಗಲು ಒಂದು ರಟ್ಟಿನ ಡಬ್ಬ, ಬಾಯಿ ಗೋಡೆಯ ಕಡೆ. 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ, ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿಗೆ ಕೊಬ್ಬು ತುಂಬುತ್ತದೆ, ದಪ್ಪ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ನಿಮ್ಮದು ಗಂಡು. ಮರಳಿನಲ್ಲಿ ಮತ್ತೆ ಮತ್ತೆ ಕೂತು ಮೂತ್ರ ಬಾರದಿದ್ದರೆ ಬೆಳಗಿನ ತನಕ ಕಾಯದೆ ಆ ಕ್ಷಣ ಕರೆದುಕೊಂಡು ಹೋಗಿ, ಮೂತ್ರನಾಳ ಕಟ್ಟಿರಬಹುದು.

ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಿ. ಎಷ್ಟೇ ಸಾಧು ಬೆಕ್ಕಾದರೂ ಇದರಲ್ಲಿ ರಿಯಾಯಿತಿ ಇಲ್ಲ, ಅದಕ್ಕೆ ರೇಬಿಸ್ ಲಸಿಕೆ ಆಗಿದೆಯೋ ಇಲ್ಲವೋ ನಿಮಗೆ ತಿಳಿಯದು.

ಹಂಚಿನಮನೆ
ಎಷ್ಟು ದಿನ ಕಾಯಬೇಕು? ಯಾರೂ ಬರದಿದ್ದರೆ?

ಮೂರುದಾರಿ
ಸಿಕ್ಕ ಪ್ರಾಣಿಯನ್ನು ಎಷ್ಟು ದಿನ ಇಟ್ಟುಕೊಂಡು ಮನೆಯವರಿಗಾಗಿ ಕಾಯಬೇಕು ಎಂಬ ನಿಯಮ ಒಂದೊಂದು ಕಡೆ ಒಂದೊಂದು. ಅಲ್ಲಿಯ ಸ್ಥಳೀಯ ಆಡಳಿತಕ್ಕೆ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಆಮೇಲೆ ಯಾರಾದರೂ ‘ಕದ್ದಿದ್ದೀರಿ’ ಎಂದರೆ ಆ ಕಾಗದವೇ ಉತ್ತರ. ನಿಯಮ ಕಡಿಮೆ ದಿನ ಹೇಳಿದರೂ ನಾಲ್ಕು ವಾರ ಕಾಯುವುದು ನ್ಯಾಯ: ಮನೆಯವರು ಪ್ರಯಾಣದಲ್ಲಿರಬಹುದು, ನೋಡಿಕೊಳ್ಳಲು ಒಪ್ಪಿಕೊಂಡವರ ಕೈಯಿಂದ ಬೆಕ್ಕು ತಪ್ಪಿಸಿಕೊಂಡಿರಬಹುದು. ಅಷ್ಟರೊಳಗೆ ಬೇರೆಯವರಿಗೆ ಸಾಕಲು ಕೊಟ್ಟುಬಿಟ್ಟರೆ ಹಿಂದಕ್ಕೆ ಪಡೆಯುವುದು ಎರಡು ಮನೆಗೂ ನೋವು. ಭಿತ್ತಿಚಿತ್ರವನ್ನು ವಾರಕ್ಕೊಮ್ಮೆ ಹೊಸ ತಾರೀಕು ಹಾಕಿ ಬದಲಿಸಿ, ಮಾಸಿದ್ದನ್ನು ಜನ ಓದುವುದಿಲ್ಲ.

ಚಿಪ್‌ಓದುಗ
ಯಾರೂ ಬರದೆ ನೀವೇ ಇಟ್ಟುಕೊಂಡರೆ ಹೊಸ ಚಿಪ್ ಹಾಕಿಸುವ ಮುನ್ನ ಮತ್ತೊಮ್ಮೆ ಬೇರೆ ಸ್ಕ್ಯಾನರಿನಲ್ಲಿ ಓದಿಸಿ. ಹಳೆಯ ಚಿಪ್ ಆಗ ಕಂಡದ್ದುಂಟು.

ಕಾವಲುಕಣ್ಣು
ಮನೆಯವರು ಸಿಕ್ಕರೆ ಒಪ್ಪಿಸುವುದು ಬೀದಿಯಲ್ಲಿ ಬೇಡ. ಹೆದರಿದ ಬೆಕ್ಕು ಕೈಯಿಂದ ಹಾರಿದರೆ ಹುಡುಕಾಟ ಮತ್ತೆ ಮೊದಲಿಂದ. ಗಟ್ಟಿ ಬುಟ್ಟಿ ಅಥವಾ ಪಂಜರ ತರಲು ಹೇಳಿ, ಬಟ್ಟೆ ಚೀಲ ಸಾಲದು. ಮುಚ್ಚಿದ ಕೋಣೆಯಲ್ಲಿ ಪಂಜರಕ್ಕೆ ಹಾಕಿ, ಅವರ ಮನೆಯ ಒಳಗೆ ಕಿಟಕಿ ಬಾಗಿಲು ಹಾಕಿದ ಮೇಲೆ ತೆರೆಯಲಿ. ಗುರುತಿನ ಚೀಟಿ ನೋಡಿ, ಹೆಸರು, ಫೋನು, ತಾರೀಕು ಬರೆಸಿ ಸಹಿ ಪಡೆಯಿರಿ. ಅದೇ ದಿನ ಭಿತ್ತಿಚಿತ್ರಗಳನ್ನೆಲ್ಲ ತೆಗೆದು, ತಿಳಿಸಿದ್ದ ಚಿಕಿತ್ಸಾಲಯಗಳಿಗೂ ‘ಮನೆ ಸೇರಿತು’ ಎಂದು ಹೇಳಿ. ಅಲ್ಲಿ ಬೇರೆ ಬೆಕ್ಕಿನ ಫೋಟೋ ಹಾಕಲು ಜಾಗವಾಗುತ್ತದೆ.

ಜಗಲಿ
ಎಲ್ಲರಿಗೂ ವಂದನೆ. ಇವತ್ತು ಸಂಜೆ ಸ್ಕ್ಯಾನರ್ ಎರಡೂ ಬಗೆ ಓದುವ ಕಡೆಗೆ, ಅಲ್ಲಿ ಏನೂ ಸಿಗದಿದ್ದರೆ ನಾಳೆ ಪೆನ್ಸಿಲ್‌ನಲ್ಲಿ ಬರೆದ ಪಟ್ಟಿ. ತಟ್ಟೆ ಎತ್ತಿಟ್ಟು ನೀರು ಮಾತ್ರ ಇಟ್ಟಿದೆ.